ನಲವತ್ತಕ್ಕೆ ಒಂದು ಕಡಿಮೆ

ಪದವಿ ಕೊಡುವುದು ಕುಲಪತಿಗಳು ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ಕಲೆ ಮತ್ತು ಸಂವಹನ ಕಾಲೇಜಿನಲ್ಲಿ ಪದವಿ ಕೊಡುವವಳು ನಾನು. ಅವರು ವೇದಿಕೆಯ ಮೇಲೆ ಕೈಕುಲುಕಿ ಹಲ್ಲು ಕಿರಿಯುವ ಮೊದಲು ಪ್ರತಿಯೊಬ್ಬರ ಕಡತವೂ ಎರಡನೇ ಮಹಡಿಯಲ್ಲಿರುವ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ಒಟ್ಟು ನಲವತ್ತು ವಿಷಯ ಪಾಸಾಗಿರಬೇಕು. ಅದರಲ್ಲಿ ನಾಟಕ ವಿಭಾಗದ್ದು ಇಷ್ಟು, ಸಂವಹನ ವಿಭಾಗದ್ದು ಇಷ್ಟು, ಭಾಷೆ ಇಷ್ಟು ಎಂದು ಪಟ್ಟಿ ಇದೆ. ಒಂದೇ ಒಂದು ಕಡಿಮೆಯಾದರೂ ಕಡತ ವಾಪಸ್. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹುಡುಗರು ನನಗಿಟ್ಟ ಹೆಸರು ಕತ್ತರಿ. ಬೆನ್ನ ಹಿಂದೆ ಹೇಳುತ್ತಾರೆ, ಎದುರಿಗೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಗುಮಾಸ್ತ ಇದ್ದಾನೆ. ಒಳ್ಳೆಯವನು, ಅಷ್ಟೇ ಪೆದ್ದ. ನಮ್ಮಲ್ಲಿ ಒಂದು ಪದ್ಧತಿಯಿದೆ. ಕಚೇರಿಯವರು ತಪ್ಪು ಸಲಹೆ ಕೊಟ್ಟು ವಿದ್ಯಾರ್ಥಿಗೆ ವಿಷಯ ಕಡಿಮೆ ಬಿದ್ದರೆ, ಸಲಹೆ ಕೊಟ್ಟವರು ‘ತಪ್ಪು ನನ್ನದು’ ಎಂದು ಒಂದು ಪುಟ ಬರೆದು ಸಹಿ ಹಾಕಬೇಕು. ವಿನಾಯಿತಿ ಸಮಿತಿ ಆ ಒಂದು ವಿಷಯ ಮನ್ನಾ ಮಾಡುತ್ತದೆ. ಈ ಮಹಾನುಭಾವ ಅಂಥ ಪುಟವನ್ನು ಮೂರು ಸಲ ಬರೆದಿದ್ದಾನೆ. ನಾನು ಅವನಿಗೆ ರಿಯಾಯಿತಿ ರಾಯ ಎಂದು ಹೆಸರಿಟ್ಟೆ. ಹತ್ತು ವರ್ಷದಿಂದ ಇಡೀ ಕಚೇರಿ ಅವನನ್ನು ಹಾಗೇ ಕರೆಯುತ್ತದೆ, ಅವನೂ ನಕ್ಕು ಸುಮ್ಮನಾಗುತ್ತಾನೆ. ನಾನು ಆ ಪುಟವನ್ನು ಒಮ್ಮೆಯೂ ಬರೆದವಳಲ್ಲ.

ಇನ್ನು ಟೇಪಕ್ಕನ ವಿಷಯ. ನಾಟಕ ವಿಭಾಗದ ನೆಲಮಾಳಿಗೆಯಲ್ಲಿ ವೇಷಭೂಷಣದ ಕೋಣೆಯಿದೆ. ಅಲ್ಲಿನ ದರ್ಜಿ ಅವಳು. ಕುತ್ತಿಗೆಯಲ್ಲಿ ಸದಾ ಅಳತೆ ಟೇಪು ನೇತಾಡುತ್ತಿರುವುದರಿಂದ ಆ ಹೆಸರು. ನಲವತ್ತೆರಡು ವಯಸ್ಸು, ಕುಳ್ಳಗೆ, ಮಾತು ಕಡಿಮೆ. ರಾಜನ ನಿಲುವಂಗಿಯಿಂದ ಹಿಡಿದು ಭಿಕಾರಿಯ ಚಿಂದಿಯವರೆಗೆ ಎಲ್ಲವೂ ಅವಳ ಕೈಯದೇ. ಹುಡುಗ ಹುಡುಗಿಯರಿಗೆ ಕತ್ತರಿಸುವುದು, ಹೊಲಿಯುವುದು ಕಲಿಸುವವಳೂ ಅವಳೇ, ಆದರೆ ಹಾಜರಿ ಪುಸ್ತಕದಲ್ಲಿ ಸಹಿ ಮಾತ್ರ ಪ್ರೊಫೆಸರದು. ಘಟಿಕೋತ್ಸವದ ಕಪ್ಪು ಗೌನುಗಳೂ ಅವಳ ಕೋಣೆಯಲ್ಲೇ ಇರುತ್ತವೆ. ವರ್ಷಕ್ಕೊಮ್ಮೆ ಮುನ್ನೂರು ಗೌನು ಇಸ್ತ್ರಿ ಮಾಡಿ ಕಂಡವರ ಮಕ್ಕಳಿಗೆ ತೊಡಿಸಿ ಕಳಿಸುತ್ತಾಳೆ.

ಅವಳಿಗೂ ಒಂದು ತೊಡುವ ಆಸೆ ಹುಟ್ಟಿತು. ನಮ್ಮ ಕಾಲೇಜಿನ ನೌಕರರು ವರ್ಷದ ಎರಡು ಅವಧಿಗಳಲ್ಲಿ ಎರಡೆರಡು ವಿಷಯ, ಬೇಸಿಗೆಯಲ್ಲಿ ಒಂದು ವಿಷಯ ಓದಬಹುದು. ಅಂದರೆ ವರ್ಷಕ್ಕೆ ಐದು, ಎಂಟು ವರ್ಷಕ್ಕೆ ನಲವತ್ತು. ಆದರೆ ಎಂಟು ವರ್ಷ ದಾಟಿದ ವಿಷಯ ಲೆಕ್ಕಕ್ಕಿಲ್ಲ, ಅದು ತನ್ನಷ್ಟಕ್ಕೇ ಉದುರಿಹೋಗುತ್ತದೆ. ಒಂದು ಅವಧಿಯೂ ತಪ್ಪಿಸದೆ, ಒಂದರಲ್ಲೂ ಫೇಲಾಗದೆ ಓದಿದರೆ ಮಾತ್ರ ನೌಕರರಿಗೆ ಪದವಿ. ಈ ನಿಯಮ ಮಾಡಿದವರು ಯಾರೂ ಮುಗಿಸಬಾರದೆಂದೇ ಮಾಡಿದ್ದರೋ ಏನೋ. ಟೇಪಕ್ಕ ಮಾತ್ರ ಮುಗಿಸುತ್ತ ಬಂದಳು. ಅತ್ತೆ ‘ಈ ವಯಸ್ಸಿಗೆ ಯಾರನ್ನ ಮೆಚ್ಸೋಕೆ ಓದ್ತೀಯ’ ಎಂದು ಎಂಟು ವರ್ಷ ಚುಚ್ಚಿದಳಂತೆ. ಗಂಡನಿಗೆ ಆಪರೇಷನ್ ಆದ ವಾರವೂ ಆಸ್ಪತ್ರೆಯಿಂದ ನೇರ ಪರೀಕ್ಷೆಗೆ ಬಂದು ಬರೆದಿದ್ದಳು.

ಈ ವರ್ಷ ವೇಷಭೂಷಣ ವಿಭಾಗಕ್ಕೆ ಬೋಧಕಿಯ ಹುದ್ದೆ ಮಂಜೂರಾಯಿತು. ಇಷ್ಟು ದಿನ ಅವಳು ಹೆಸರಿಲ್ಲದೆ ಮಾಡುತ್ತಿದ್ದ ಕೆಲಸವೇ. ಅರ್ಜಿಗೆ ಪದವಿ ಕಡ್ಡಾಯ. ಘಟಿಕೋತ್ಸವದ ಮಾರನೇ ದಿನವೇ ಅರ್ಜಿಗೆ ಕೊನೆಯ ದಿನ. ಹುದ್ದೆ ಅವಳದೇ ಎಂದು ಡೀನ್ ಸಾಹೇಬರೂ ಬಾಯಿಬಿಟ್ಟು ಹೇಳಿದ್ದರು.

ಅವಳ ಕಡತ ಕೈಗೆತ್ತಿಕೊಂಡಾಗ ಘಟಿಕೋತ್ಸವಕ್ಕೆ ಎರಡು ವಾರ ಉಳಿದಿತ್ತು. ಮೂವತ್ತೊಂಬತ್ತರವರೆಗೆ ಸರಾಗವಾಗಿ ಗುರುತು ಹಾಕಿದೆ. ಆಮೇಲೆ ಪೆನ್ನು ಕೆಳಗಿಟ್ಟೆ.

ನಮ್ಮಲ್ಲಿ ‘ಧ್ವನಿ ಮತ್ತು ಉಚ್ಚಾರಣೆ’ ಎಂಬ ಪಾಠವಿದೆ. ನಾಟಕ ವಿಭಾಗದ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ, ಸಂವಹನದ ಪಟ್ಟಿಯಲ್ಲಿ ಇನ್ನೊಂದು. ಕೋಣೆ ಒಂದೇ, ಮೇಷ್ಟ್ರು ಒಬ್ಬರೇ. ನಟರಾಗುವವರು ಆ ಸಂಖ್ಯೆಯಲ್ಲಿ, ಸುದ್ದಿ ಓದುವವರು ಈ ಸಂಖ್ಯೆಯಲ್ಲಿ ಹೆಸರು ಬರೆಸುತ್ತಾರೆ. ಯಾವ ಸಂಖ್ಯೆಯಲ್ಲಿ ಓದಿದರೂ ಒಂದೇ ವಿಷಯ ಎಂದು ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಟೇಪಕ್ಕ ಎರಡರಲ್ಲೂ ಓದಿದ್ದಳು. ಅಂದರೆ ಮೂವತ್ತೊಂಬತ್ತೇ.

ಯಾಕೆ ಓದಿದಳು ಎಂಬುದೂ ಆ ಕ್ಷಣವೇ ನೆನಪಾಯಿತು. ಐದು ವರ್ಷದ ಹಿಂದೆ ಅವಳು ಮುಂದೆ ಯಾವ ಯಾವ ವಿಷಯ ಓದಬೇಕೆಂಬ ಯೋಜನೆಯ ಹಾಳೆ ಹಿಡಿದು ಬಂದಾಗ ನಾನು ತಂಗಿಯ ಜೊತೆ ಫೋನಿನಲ್ಲಿ ಜಗಳಕ್ಕೆ ಬಿದ್ದಿದ್ದೆ.

“ಮೇಡಂ, ಈ ಎರಡೂ ಒಂದೇ ಪಾಠ ಅಲ್ವಾ? ಅದೇ ಮೇಷ್ಟ್ರು” ಎಂದಳು.

“ಮೇಷ್ಟ್ರನ್ನ ಕಟ್ಕೊಂಡು ನಿಂಗೇನಾಗ್ಬೇಕು? ಎರಡು ನಂಬರ್ ಇದೆ, ಎರಡೂ ತಗೋ” ಎಂದು ಫೋನಿಗೆ ಅಂಗೈ ಅಡ್ಡ ಹಿಡಿದು ಗದರಿ, ಹಾಳೆಯ ಎರಡೂ ಪ್ರತಿಗಳ ಮೇಲೆ ಸಹಿ ಗೀಚಿದ್ದೆ. ಒಂದು ಪ್ರತಿ ಅವಳೇ ಇಟ್ಟುಕೊಳ್ಳಬೇಕಿತ್ತು. “ನಿಮ್ಮ ಹತ್ರಾನೇ ಇರ್ಲಿ ಮೇಡಂ, ನನ್ನ ಕೋಣೇಲಿ ಬಟ್ಟೆ ರಾಶೀಲಿ ಕಳೆದೋಗುತ್ತೆ” ಎಂದು ಎರಡನ್ನೂ ನನಗೇ ಕೊಟ್ಟು ಹೋದಳು. ಪಾಪ, ಅದೇ ಪಾಠಕ್ಕೆ ಇನ್ನೊಂದು ಸಲ ಕೂತು, ಅದೇ ಸಾಲುಗಳನ್ನು ಮತ್ತೆ ಗಟ್ಟಿಯಾಗಿ ಓದಿ ಒಪ್ಪಿಸಿ ಪಾಸಾಗಿದ್ದಳು.

ಎರಡೂ ಪ್ರತಿ ಈಗ ನನ್ನ ಕೈಯಲ್ಲಿದ್ದವು. ಕೆಳಗೆ ನನ್ನ ಸಹಿ ಠೀವಿಯಿಂದ ಕೂತಿತ್ತು.

ಕಂಡೂ ಕಾಣದವಳಂತೆ ಬಿಟ್ಟುಬಿಡಬಹುದಿತ್ತು. ಆದರೆ ಮುಖ್ಯ ಕಚೇರಿಯವರು ಹತ್ತಕ್ಕೊಂದು ಕಡತ ಮತ್ತೆ ತೆರೆದು ನೋಡುತ್ತಾರೆ, ಸಿಕ್ಕಿದರೆ ನನ್ನ ಹೆಸರು ಹಿಡಿದು ವಾಪಸ್ ಕಳಿಸುತ್ತಾರೆ. ಇನ್ನೊಂದು ದಾರಿ ಆ ಒಂದು ಪುಟ. ಬರೆಯಲು ಐದು ನಿಮಿಷ ಸಾಕು. ಕಾಗದವನ್ನೂ ತೆಗೆದಿಟ್ಟುಕೊಂಡೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಪಕ್ಕದ ಮೇಜಿನಿಂದ ರಿಯಾಯಿತಿ ರಾಯ ಚಹಾ ಹೀರುತ್ತ, “ಏನ್ ಮೇಡಂ, ಮುಖ ಬಾಡಿದೆ?” ಎಂದ. ಅವನ ಮುಖ ನೋಡಿದೆ. ಇವನು ನಾಳೆ ನನಗೇನು ಹೆಸರಿಡುತ್ತಾನೆ ಎಂದು ಯೋಚಿಸಿದೆ. ಕಾಗದವನ್ನು ಡ್ರಾಯರಿಗೆ ಹಾಕಿದೆ.

ಸಹಿ ಇದ್ದ ಹಾಳೆಗಳನ್ನು ನಾನು ಹರಿಯಲಿಲ್ಲ. ಕಚೇರಿಯಲ್ಲಿ ನುರಿತವರು ಕಾಗದ ಹರಿಯುವುದಿಲ್ಲ, ತಪ್ಪು ಕಡತದಲ್ಲಿ ಇಡುತ್ತಾರೆ. ಓದು ಬಿಟ್ಟುಹೋದವರ ಕಪಾಟಿನಲ್ಲಿ ಯಾವುದೋ ಹುಡುಗನ ಕಡತ ತೆಗೆದು ಅದರ ಹೊಟ್ಟೆಗೆ ಎರಡನ್ನೂ ಸೇರಿಸಿದೆ. ಆಮೇಲೆ ಟೇಪಕ್ಕನಿಗೆ ಪತ್ರ ಬರೆದೆ: ಒಂದು ವಿಷಯ ಕಡಿಮೆ.

ವಿನಾಯಿತಿ ಸಮಿತಿ ಗುರುವಾರ ಕೂತಿತು. ಡೀನ್ ಸಾಹೇಬರು, ಇಬ್ಬರು ಪ್ರೊಫೆಸರುಗಳು, ಮೂಲೆಯ ಕುರ್ಚಿಯಲ್ಲಿ ನಾನು. ಟೇಪಕ್ಕ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದಳು. ಎದುರಿಗೆ ಕುರ್ಚಿ ಇದ್ದರೂ ಕೂರಲಿಲ್ಲ.

“ಒಂದೇ ಪಾಠ ಎರಡು ಸಲ ಯಾಕಮ್ಮಾ ತಗೊಂಡೆ?” ಎಂದು ಡೀನ್ ಕೇಳಿದರು.

“ಮೇಡಂ ಅವ್ರೇ ತಗೋ ಅಂದ್ರು ಸಾರ್. ಹಾಳೆ ಮೇಲೆ ಸಹಿನೂ ಹಾಕಿದ್ರು.”

“ಆ ಹಾಳೆ ಎಲ್ಲಿ?”

“ಮೇಡಂ ಹತ್ರ ಇದೆ.”

ಡೀನ್ ಕಡತವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಮತ್ತೊಮ್ಮೆ ಹಿಂದಿನಿಂದ ಮುಂದಕ್ಕೆ ತಿರುವಿದರು. ಅವರಿಗೂ ಅವಳನ್ನು ಪಾಸು ಮಾಡುವ ಆಸೆಯಿತ್ತು, ನನಗೆ ಕಾಣುತ್ತಿತ್ತು. ನನ್ನತ್ತ ತಿರುಗಿ, “ನೀವೇನಾದ್ರೂ ಹೇಳಿದ್ರಾ ಮೇಡಂ? ನೆನಪು ಮಾಡ್ಕೊಳ್ಳಿ. ಹೇಳಿದ್ರೆ ಈಗ್ಲೇ ಮುಗಿಸ್ಬಿಡೋಣ” ಎಂದರು.

ಬಾಗಿಲು ಇಷ್ಟಗಲ ತೆರೆದುಕೊಟ್ಟಿದ್ದರು. ಹೂಂ ಎಂದಿದ್ದರೆ ಸಾಕಿತ್ತು.

“ನಾನು ಹಾಗೆ ಹೇಳೋಳಲ್ಲ ಸಾರ್” ಎಂದೆ. “ಇಪ್ಪತ್ತಾರು ವರ್ಷದಲ್ಲಿ ಒಂದು ದಿನಾನಾದ್ರೂ ಹೇಳಿದೀನಾ, ನೀವೇ ನೋಡಿ.”

ವೇಷಭೂಷಣದ ಪ್ರೊಫೆಸರು, “ಇವಳು ನನಗಿಂತ ಚೆನ್ನಾಗಿ ಪಾಠ ಮಾಡ್ತಾಳೆ ಸಾರ್” ಎಂದು ಗೊಣಗಿದರು. ಡೀನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕಾಗದ ಬೇಕಲ್ಲ ಎಂದರು. ಟೇಪಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಮುಖದಲ್ಲಿದ್ದದ್ದು ಬರೀ ಗೊಂದಲ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಮ್ಮನೆಯವರ ಹತ್ತಿರ ಬೇರೆ ಯಾರದೋ ಕಥೆಯ ಹಾಗೆ ಹೇಳಿದೆ. “ಒಂದು ಸಹಿ ತಾನೆ, ಹಾಕಿದ್ರೆ ಅವಳ ಗಂಟೇನು ಹೋಗ್ತಿತ್ತು?” ಎಂದರು. ಅವರಿಗೇನು ಗೊತ್ತು ಎಂದು ಸಿಡುಕಿ ಎದ್ದೆ. ಪಶ್ಚಾತ್ತಾಪ ಆಗಲಿಲ್ಲವೆಂದಲ್ಲ. ಆಯಿತು, ಆದರೆ ಆ ಪುಟ ಬರೆಯುವಷ್ಟು ಆಗಲಿಲ್ಲ.

ಘಟಿಕೋತ್ಸವದ ದಿನ ಅವಳು ಎಂದಿನಂತೆ ಮುನ್ನೂರು ಗೌನು ಹಂಚಿದಳು. ಬೋಧಕಿಯ ಹುದ್ದೆ ಇಪ್ಪತ್ತನಾಲ್ಕರ ಒಬ್ಬ ಹುಡುಗಿಗೆ ಹೋಯಿತು. ಕಾಜಾ ಹೊಲಿಯುವುದನ್ನು ಟೇಪಕ್ಕನ ಹತ್ತಿರವೇ ಕಲಿತವಳು. ಅವಳ ಕಡತಕ್ಕೆ ಗುರುತು ಹಾಕಿದ್ದೂ ನಾನೇ, ಎಲ್ಲ ಸರಿಯಿತ್ತು.

ಹೊಸ ಅವಧಿ ಶುರುವಾದ ಮೊದಲ ಸೋಮವಾರ ಟೇಪಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಅರ್ಜಿ ನಮೂನೆ, ಅದರ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ. ಬೇಸಿಗೆಯಲ್ಲಿ ಉಳಿದ ಒಂದನ್ನು ಓದಿ ಮುಗಿಸಿದ್ದಳು. ಅಷ್ಟರಲ್ಲಿ ಮೊದಲ ವರ್ಷದ ವಿಷಯಗಳಿಗೆ ಎಂಟು ವರ್ಷ ದಾಟಲು ಶುರುವಾಗಿ ಒಂದು ಉದುರಿತ್ತು.

“ಮೇಡಂ, ಈ ಅವಧೀಲಿ ಎರಡು ಓದಿದ್ರೆ ಹಳೇದು ಎರಡು ಹೋಗುತ್ತೆ. ಬೇಸಿಗೇಲಿ ಒಂದು ಓದಿದ್ರೆ ಒಂದು ಹೋಗುತ್ತೆ. ಇನ್ನೂ ಎರಡ್ಮೂರು ವರ್ಷ ಲೆಕ್ಕ ಹಾಕಿದ್ರೂ ಮೂವತ್ತೊಂಬತ್ತೇ ಬರ್ತಿದೆ. ನಾನೇ ಎಲ್ಲೋ ತಪ್ಪು ಮಾಡಿರ್ಬೇಕು, ನೋಡ್ತೀರಾ?”

ನೋಡಿದೆ. ತಪ್ಪಿರಲಿಲ್ಲ. ಹೊಲಿಗೆಯವಳ ಲೆಕ್ಕ, ಒಂದು ಎಳೆಯೂ ಆಚೀಚೆ ಆಗಿರಲಿಲ್ಲ.

“ಸರಿಯಾಗಿದೆ” ಎಂದೆ.

ಅವಳು ನಮೂನೆಯ ಅಂಚನ್ನು ಉಗುರಿನಿಂದ ತೀಡಿದಳು. ಪಕ್ಕದ ಮೇಜಿನ ಗುಮಾಸ್ತ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಆಮೇಲೆ ಅವಳು ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿದಳು.

“ಇನ್ನೊಂದು ಮಾತು ಮೇಡಂ. ಅವತ್ತು ಅಷ್ಟು ಜನರ ಮುಂದೆ ನಿಮ್ಮ ಹೆಸರು ಹೇಳ್ಬಿಟ್ಟೆ. ಎಷ್ಟು ಸಲ ಯೋಚ್ನೆ ಮಾಡಿದೀನಿ ಗೊತ್ತಾ? ಬೇರೆ ಯಾರೋ ಹೇಳಿದ್ದನ್ನ ನೀವು ಹೇಳಿದ್ದು ಅಂತ ನಾನೇ ಅಂದ್ಕೊಂಡಿರ್ಬೇಕು. ನೀವು ಅಂಥ ತಪ್ಪು ಮಾಡೋರಲ್ಲ, ಕಾಲೇಜಿಗೆಲ್ಲ ಗೊತ್ತು. ನಿಮ್ಮ ಮಾನ ಕಳೆಯೋಕೆ ಹೋದೆ. ದಯವಿಟ್ಟು ಕ್ಷಮಿಸ್ಬಿಡಿ.”

ಕಣ್ಣಲ್ಲಿ ನೀರು ತುಂಬಿಕೊಂಡು ಕಾಯುತ್ತಿದ್ದಳು.

“ಹೋಗ್ಲಿ ಬಿಡಮ್ಮಾ” ಎಂದೆ. “ನಾನದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ.”

ಅವಳ ಮುಖ ಹಗುರಾಯಿತು. ಮೂಗೊರೆಸಿಕೊಂಡು, ನಮೂನೆ ತಿರುಗಿಸಿ, ಈ ಅವಧಿಯ ಎರಡು ವಿಷಯಗಳ ಎದುರಿಗೆ ಹೆಸರು ಬರೆದುಕೊಟ್ಟು ಹೋದಳು.