ಪತ್ತನಾಜೆಯವರೆಗೆ ಕಾಯದ ಹಲ್ಲು

ನಮ್ಮ ಮನೆಯಲ್ಲಿ ಹಲ್ಲುನೋವಿನ ಮದ್ದು ಬೀಡಿ ಕಟ್ಟುವ ತಡ್ಪೆಯಲ್ಲೇ, ಅಂದರೆ ಎಲೆ, ತಂಬಾಕು ಇಡುವ ಮೊರದಲ್ಲೇ, ಇರುತ್ತಿತ್ತು. ಒಂದು ಚಿಟಿಕೆ ತಂಬಾಕಿನ ಹುಡಿ ತೆಗೆದು ಹಲ್ಲಿನ ತೂತಿಗೆ ಒತ್ತಿದರೆ ಆಯಿತು. ಸ್ವಲ್ಪ ಹೊತ್ತು ಬಾಯಿ ಜೋಮು ಹಿಡಿಯುತ್ತದೆ, ನೋವು ಹೋಯಿತೆಂದು ಕಾಣುತ್ತದೆ. ಬೀಡಿ ಕಟ್ಟುವ ಮನೆಯವರಿಗೆ ಇದು ಗೊತ್ತಿದ್ದದ್ದೇ.

ನನ್ನ ಅಣ್ಣ ಕಮಲಾಕ್ಷನೂ ಹಾಗೆಯೇ ಮಾಡುತ್ತಿದ್ದ. ಅವನು ಸಿದ್ಧಕಟ್ಟೆ ಸುತ್ತಮುತ್ತಲಿನ ದೈವಗಳ ನೇಮಗಳಿಗೆ ಸ್ಯಾಕ್ಸೋಫೋನ್ ಊದುವವನು. ಆ ವಾದ್ಯದ ತುದಿಯನ್ನು ಮೇಲಿನ ಎದುರು ಹಲ್ಲುಗಳಿಂದ ಒತ್ತಿ ಹಿಡಿಯಬೇಕು. ಹುಳುಕು ಹಿಡಿದದ್ದು ಆ ಎದುರು ಹಲ್ಲಿಗೇ.

ಒಂದು ಬೆಳಿಗ್ಗೆ ಅವನ ಮೇಲಿನ ತುಟಿ ಬಾತುಕೊಂಡಿತ್ತು. ನಾನೂ ಅತ್ತಿಗೆ ಸ್ವರ್ಣಲತಾಳೂ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆವು. ಪಕ್ಕದ ಮನೆಯ ಜುಲೈಕಕ್ಕ ತನ್ನ ತಡ್ಪೆ ಹಿಡಿದು ಬಂದರು. ನಾವು ದಿನಾ ಒಟ್ಟಿಗೆ ಕುಳಿತೇ ಬೀಡಿ ಕಟ್ಟುವುದು.

“ಇದೆಂತ ಕಮಲಾಕ್ಷಣ್ಣ? ಊದಬೇಕಾದ್ದು ವಾದ್ಯ, ನಿಮ್ಮ ಮುಖ ಯಾಕೆ ಊದಿದೆ?”

“ತಮಾಷೆ ಮಾಡ್ಬೇಡಿ ಜುಲೈಕಕ್ಕ. ಇದನ್ನು ಕೀಳಿಸಿದ್ರೆ ನನ್ನ ಕಥೆ ಮುಗೀತು. ಸ್ಯಾಕ್ಸೋಫೋನ್ ಎಲ್ಲಿ ಹಿಡಿಯುದು?”

“ಕೀಳಿಸುದು ಯಾಕೆ? ರೂಟ್ ಕೆನಾಲ್ ಮಾಡಿಸಿ. ನಾನು ಮೂಡುಬಿದಿರೆಯಲ್ಲಿ ಮಾಡಿಸಿದ್ದು. ಹಲ್ಲು ಉಂಟಲ್ಲ ಇಲ್ಲೇ!” ಜುಲೈಕಕ್ಕ ಬಾಯಿ ತೆರೆದು ತೋರಿಸಿದರು.

ಅತ್ತಿಗೆಗೆ ಹೆದರಿಕೆ. “ಅದು ನರ ತೆಗೆಯುದಲ್ವಾ? ಮೇಲಿನ ಹಲ್ಲಿನ ನರ ಕಣ್ಣಿಗೆ ಹೋಗ್ತದಂತೆ. ಕಣ್ಣು ಹೋದ್ರೆ ಎಂತ ಮಾಡುದು?”

“ನನ್ನದೂ ಮೇಲಿನ ಹಲ್ಲೇ ಮಾರಾಯ್ತಿ. ನಿನ್ನ ಕೆಂಪು ಕೋಳಿ ನನ್ನ ಬಸಳೆ ಕುಕ್ಕುದು ಇಲ್ಲಿಂದಲೇ ಕಾಣ್ತದೆ. ಕಣ್ಣಿಗೆ ಎಂತ ಆಗಿದೆ?”

ನನಗೆ ನಗು ಬಂತು. ಅಣ್ಣನಿಗೆ ನಗಲೂ ಆಗಲಿಲ್ಲ.

“ಹಲ್ಲಿನ ಒಳಗೆ ಮೆತ್ತಗಿನ ಒಂದು ತಿರುಳು ಉಂಟು,” ಜುಲೈಕಕ್ಕ ಹೇಳಿದರು. “ಹುಳುಕು ಅಲ್ಲಿಗೆ ಮುಟ್ಟಿದ್ರೆ ಅದು ಕೊಳೀತದೆ. ಅದನ್ನು ತೆಗೆದು, ಒಳಗೆ ಕ್ಲೀನ್ ಮಾಡಿ, ಮದ್ದು ತುಂಬಿಸಿ ಮುಚ್ಚುದು. ಅಷ್ಟೇ. ನೀವು ತಂಬಾಕು ಒತ್ತಿದ್ರೆ ನೋವು ಗೊತ್ತಾಗುದಿಲ್ಲ, ಕೊಳೆಯುದು ನಿಲ್ಲುದಿಲ್ಲ.”

ಮರುದಿನ ಅತ್ತಿಗೆ ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೋಗಬೇಕಿತ್ತು. ಅಣ್ಣನ ಜೊತೆ ನಾನು ಮೂಡುಬಿದಿರೆಗೆ ಹೋದೆ.

ಹಲ್ಲಿನ ಡಾಕ್ಟರು ಒಬ್ಬರು ಹೆಂಗಸು. ಮೊದಲು ಆ ಹಲ್ಲಿನ ಎಕ್ಸ್‌ರೇ ತೆಗೆದರು. ಒಸಡಿಗೆ ಇಂಜೆಕ್ಷನ್ ಕೊಟ್ಟು, “ನೋವಾದರೆ ಎಡಗೈ ಎತ್ತಿ, ನಾನು ನಿಲ್ಲಿಸ್ತೇನೆ” ಎಂದರು. ಆಮೇಲೆ ಹಲ್ಲಿಗೆ ಸಣ್ಣ ತೂತು ಮಾಡಿ ಕೀವು ಹೊರಗೆ ಬಿಟ್ಟರು. ಕೂದಲೆಳೆಯಂಥ ಸೂಜಿಗಳಿಂದ ಒಳಗೆ ಉಜ್ಜಿ, ನೀರು ಹಾಯಿಸಿ ತೊಳೆದರು. ನಾನು ಮೂಲೆಯಲ್ಲಿ ಕುಳಿತು ಅಣ್ಣನ ಎಡಗೈಯನ್ನೇ ನೋಡುತ್ತಿದ್ದೆ. ಅದು ಒಮ್ಮೆಯೂ ಮೇಲೇಳಲಿಲ್ಲ.

“ಒಳಗೆ ಮದ್ದು ಇಟ್ಟಿದ್ದೇನೆ. ಮೇಲೆ ಮುಚ್ಚಿದ್ದು ತಾತ್ಕಾಲಿಕ ಸಿಮೆಂಟ್, ಹೆಚ್ಚು ದಿನ ನಿಲ್ಲುವುದಿಲ್ಲ” ಎಂದರು ಡಾಕ್ಟರು. “ಮುಂದಿನ ವಾರ ಖಂಡಿತ ಬನ್ನಿ. ಒಳಗೆ ಗಟ್ಟಿಯಾಗಿ ತುಂಬಿಸಿ ಮೇಲೆ ಕ್ಯಾಪ್ ಹಾಕಬೇಕು. ಈಗ ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ, ತುಟಿ ಕಚ್ಚಿಕೊಳ್ತೀರಿ. ಒಂದೆರಡು ದಿನ ಕಚ್ಚುವಾಗ ನೋವಿರಬಹುದು, ಹೆದರಬೇಡಿ. ಬರೆದುಕೊಟ್ಟ ಮಾತ್ರೆ ಬಿಡಬೇಡಿ.”

ಬಸ್ಸಿನಲ್ಲಿ ಅಣ್ಣ ತುಟಿ ಮುಟ್ಟಿ ಮುಟ್ಟಿ ನೋಡಿದ. “ಇದು ನನ್ನದಾ, ಬೇರೆಯವರದ್ದಾ?”

ಬಾವು ಇಳಿಯಿತು, ನೋವು ಹೋಯಿತು. ಅಣ್ಣ ಪುನಃ ನೇಮಗಳಿಗೆ ಹೋಗತೊಡಗಿದ. ಡಾಕ್ಟರು ಹೇಳಿದ ವಾರ ಬಂತು.

“ಇವತ್ತು ಹೋಗ್ಲಿಕ್ಕುಂಟಲ್ವಾ?” ಅತ್ತಿಗೆ ಕೇಳಿದಳು.

“ಇವತ್ತು ನೇಮ ಉಂಟು. ಪತ್ತನಾಜೆ ಕಳೆದು ಹೋಗುವ.”

ಬೇಸಗೆಯ ಕೊನೆಗೆ ಪತ್ತನಾಜೆಯ ದಿನ ಬಂದರೆ ನೇಮಗಳು ನಿಲ್ಲುತ್ತವೆ. ಆಗ ವಾದ್ಯದವರಿಗೆ ಬಿಡುವು. ಆದರೆ ಅದಕ್ಕೆ ಇನ್ನೂ ತಿಂಗಳುಗಳಿದ್ದವು.

“ಪತ್ತನಾಜೆ ನೇಮಕ್ಕೆ ಕಮಲಾಕ್ಷಣ್ಣ, ಹಲ್ಲಿಗಲ್ಲ” ಎಂದರು ಜುಲೈಕಕ್ಕ.

“ನೋವಿಲ್ಲದ ಹಲ್ಲಿಗೆ ಡಾಕ್ಟರು ಯಾಕೆ?” ಎಂದ ಅಣ್ಣ.

ಒಂದು ದಿನ ಊಟ ಮಾಡುವಾಗ ಆ ಸಿಮೆಂಟ್ ಉದುರಿತು. ಅಣ್ಣ ಯಾರಿಗೂ ಹೇಳದೆ ತಡ್ಪೆಗೆ ಕೈ ಹಾಕಿದ. ನಾನು ಕಂಡು, “ಅಣ್ಣ, ಡಾಕ್ಟರು...” ಎಂದೆ.

“ನೀನು ಬೀಡಿ ಕಟ್ಟು” ಎಂದ.

ಪತ್ತನಾಜೆ ಹತ್ತಿರ ಬಂದಿತ್ತು. ನೇಮ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಅಣ್ಣ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದ. ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ಅವನ ತಂಡದ ಸುಧಾಕರ ಹೊತ್ತು ತಂದಿದ್ದ. ಊದುತ್ತಿದ್ದ ಹಾಗೆ ಹಲ್ಲು ಒಡೆದು, ಸ್ವರ ಅಲ್ಲೇ ನಿಂತಿತಂತೆ. ಅವತ್ತೇ ಪುನಃ ಮೂಡುಬಿದಿರೆಗೆ ಹೋದೆವು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

“ಪುನಃ ರೂಟ್ ಕೆನಾಲ್ ಮಾಡ್ಲಿಕ್ಕೆ ಆಗುದಿಲ್ವಾ?” ಅಣ್ಣ ಕೇಳಿದ.

“ಬೇರಿನವರೆಗೆ ಒಡೆದಿದೆ. ಇನ್ನು ತೆಗೆಯಲೇಬೇಕು. ಆ ವಾರ ಬಂದಿದ್ದರೆ ಉಳಿಸಬಹುದಿತ್ತು.”

ಕುರ್ಚಿಯ ಹಿಡಿಯ ಮೇಲೆ ಅಣ್ಣನ ಬೆರಳುಗಳು ಸ್ವರ ಒತ್ತುವ ಹಾಗೆ ಅಲ್ಲಾಡುತ್ತಿದ್ದವು.

ಹಲ್ಲು ತೆಗೆದರು, ಕೆಲವು ವಾರಗಳ ನಂತರ ಆ ಜಾಗದಲ್ಲಿ ಕೃತಕ ಹಲ್ಲು ಕಟ್ಟಿದರು. ಊಟಕ್ಕೆ, ಮಾತಿಗೆ ತೊಂದರೆಯಿಲ್ಲ. ವಾದ್ಯ ಹಿಡಿದರೆ ಮಾತ್ರ ಅದು ಅಲ್ಲಾಡುತ್ತದೆ, ಉಸಿರು ಬದಿಯಿಂದ ಜಾರುತ್ತದೆ. ಅಣ್ಣ ಒಂದು ಮಳೆಗಾಲವಿಡೀ ಪ್ರಯತ್ನ ಮಾಡಿದ. ಈಗ ತಂಡದಲ್ಲಿ ಸುಧಾಕರ ಊದುತ್ತಾನೆ, ಅಣ್ಣ ತಾಸೆ ಬಡಿಯುತ್ತಾನೆ. ಸ್ಯಾಕ್ಸೋಫೋನನ್ನು ಆಗಾಗ ಪೆಟ್ಟಿಗೆಯಿಂದ ತೆಗೆದು ಒರೆಸಿ, ಪುನಃ ಅದರಲ್ಲೇ ಇಡುತ್ತಾನೆ.

ಮರುವರ್ಷ ಅತ್ತಿಗೆಯ ದವಡೆ ಹಲ್ಲು ನೋಯತೊಡಗಿತು. ಅವಳು ತಡ್ಪೆಯಿಂದ ಒಂದು ಚಿಟಿಕೆ ಎತ್ತಿದಳು. ಅಣ್ಣ ಅವಳ ಕೈ ಹಿಡಿದ.

“ಅದನ್ನು ಅಲ್ಲೇ ಹಾಕು. ನಾಳೆ ಮೂಡುಬಿದಿರೆಗೆ ಹೋಗುವ.”

“ನಾಳೆ ನಿಮಗೆ ನೇಮ ಉಂಟಲ್ಲ?”

“ತಾಸೆ ಬಡಿಯಲಿಕ್ಕೆ ಬೇರೆ ಜನ ಸಿಗ್ತದೆ. ಪುನಃ ಕರೆದ ದಿನವೂ ನಾನೇ ಬರ್ತೇನೆ.”

ಡಾಕ್ಟರು ಕರೆದಾಗಲೆಲ್ಲ ಇಬ್ಬರೂ ಹೋದರು. ಕ್ಯಾಪ್ ಹಾಕಿಸಿಕೊಂಡೇ ಬಂದರು.

“ಸ್ವರ್ಣ, ಕಣ್ಣು ಕಾಣ್ತದಾ?” ಜುಲೈಕಕ್ಕ ಕೇಳಿದರು.

“ಕಾಣ್ತದೆ. ನಿಮ್ಮ ಆಡು ನಮ್ಮ ಮಲ್ಲಿಗೆ ಗಿಡ ತಿನ್ನುದು ಸರಿಯಾಗಿ ಕಾಣ್ತದೆ!”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆಮೇಲೆ ಎದ್ದು ಒಳಗೆ ಹೋಗಿ ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದ.

ಇದನ್ನು ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ತಡ್ಪೆಯ ತಂಬಾಕನ್ನು ಹಲ್ಲಿಗೆ ಒತ್ತಬೇಡಿ. ಹಲ್ಲು ಜುಮ್ಮೆಂದ ಕೂಡಲೇ ಡಾಕ್ಟರಿಗೆ ತೋರಿಸಿ. ರೂಟ್ ಕೆನಾಲ್ ಎಂದರೆ ಹೆದರಬೇಡಿ, ಕಣ್ಣಿಗೆ ಏನೂ ಆಗುವುದಿಲ್ಲ. ನೋವು ನಿಂತಿತೆಂದು ಅರ್ಧಕ್ಕೆ ಬಿಡಲೂ ಬೇಡಿ. ಪುನಃ ಬನ್ನಿ ಎಂದ ದಿನ ಮನೆಯಲ್ಲಿ ಮದುವೆಯಿರಲಿ, ಊರಲ್ಲಿ ನೇಮವಿರಲಿ, ಬಸ್ಸು ಹತ್ತಿ ಹೋಗಿ. ಪತ್ತನಾಜೆ ಮುಂದಿನ ವರ್ಷವೂ ಬರುತ್ತದೆ. ಹೋದ ಹಲ್ಲು ಬರುವುದಿಲ್ಲ.