ಬಟನ್ನಿಗೆ ಸಿಕ್ಕಿಸಿದ ರಟ್ಟು

ಹೊಸ ಅಂಗಿಯ ತೋಳು ಕಳೆದುಕೊಂಡು ಬಂದ ಗಂಡನನ್ನು ಬೈಯದ ಹೆಂಗಸು ಎಲ್ಲಾದರೂ ಇದ್ದರೆ ನನಗೆ ತೋರಿಸಿ. ನಾನಂತೂ ಬೈದೆ. ನಾನೇ ಕೂತು ಹೊಲಿದ ಅಂಗಿ, ತೊಟ್ಟು ಹದಿನೈದು ದಿನವೂ ಆಗಿರಲಿಲ್ಲ. ಎಡತೋಳಿನ ತುದಿಯಲ್ಲಿ ಎರಡು ಬೆರಳಗಲ ಬಟ್ಟೆಯೇ ಇಲ್ಲ.

"ಏನ್ರೀ ಇದು?"

"ಬಾಗಿಲಿಗೆ ಸಿಕ್ಕಾಕಿಕೊಳ್ತು."

"ಕಣ್ಣು ಎಲ್ಲಿಟ್ಟುಕೊಂಡು ನಡೀತೀರಿ?"

ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ತೋಳನ್ನು ಮೊಣಕೈವರೆಗೆ ಗಿಡ್ಡ ಮಾಡಿ, ಗೊಣಗುತ್ತಲೇ ಮಡಿಸಿ ಹೊಲಿದುಕೊಟ್ಟೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮನೆಯವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮಷಿನ್ ನಡೆಸುತ್ತಾರೆ. ಹತ್ತೊಂಬತ್ತು ವರ್ಷವಾಯಿತು. ಅಲ್ಲಿ ಎಲ್ಲರ ಬಾಯಲ್ಲೂ ಅವರು ಕಟಿಂಗ್ ಮೇಷ್ಟ್ರು. ಆ ಮಷಿನ್ನಿನ ಬ್ಲೇಡು ಎರಡು ಮೊಳ ಉದ್ದ. ಒಂದು ಗೇಣು ದಪ್ಪದ ಕಾಗದದ ಕಟ್ಟನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಊಟದ ಡಬ್ಬಿ ಕೊಡುವಾಗ "ಹುಷಾರು ರೀ" ಅನ್ನುತ್ತೇನೆ. ಅವರು "ಹೂಂ" ಅನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಹುಷಾರು, ಅದೇ ಹೂಂ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಇದು ಸಾಲದು ಅಂತ ನಮ್ಮ ಮಗಳು ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡಿದ್ದೇನು? ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತಾ ನಿರ್ವಹಣೆ. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಒಂದು ಕಾಜ ಹೊಲಿದು ಮುಗಿಸುತ್ತೇನೆ. ಅಕ್ಕಪಕ್ಕದವರು ಮಗಳು ಏನು ಓದುತ್ತಾಳೆ ಅಂತ ಕೇಳಿದರೆ ಉತ್ತರ ಕೊಡಲು ನನಗೇ ತಿಳಿಯದು.

"ಹುಷಾರು ಅಂತ ಹೇಳೋದನ್ನ ಕಲಿಯೋಕೆ ಮೂರು ವರ್ಷ ಬೇಕೇನೇ? ನಾನು ದಿನಾ ಪುಕ್ಕಟೆ ಹೇಳ್ತಾ ಇಲ್ವಾ?" ಅಂದೆ.

"ನೀನು ಹೇಳಿದ್ದರಿಂದ ಏನಾದ್ರೂ ಬದಲಾಯ್ತಾ ಅಮ್ಮ?"

"ನಿಮ್ಮಪ್ಪ ಕಿವಿಗೆ ಹಾಕ್ಕೊಂಡ್ರೆ ತಾನೇ!"

"ಅದನ್ನೇ ನಾವು ಓದೋದು. ಹತ್ತೊಂಬತ್ತು ವರ್ಷ ಕೆಲಸ ಗೊತ್ತಿರೋ ಮನುಷ್ಯ, ಅಪಾಯ ಅಂತ ಗೊತ್ತಿದ್ದೂ ಯಾಕೆ ಕೈ ಹಾಕ್ತಾನೆ? ಹುಷಾರು ಅನ್ನೋದು ಕೊನೇ ಮದ್ದು. ಮೊದಲು ಅಪಾಯಾನೇ ತೆಗೀಬೇಕು. ಆಗದಿದ್ರೆ ಮಷಿನ್ನಿಗೆ ತಡೆ ಹಾಕಬೇಕು. ಅದೆಲ್ಲ ಆದಮೇಲೆ ಬುದ್ಧಿಮಾತು."

"ದೊಡ್ಡ ಪಂಡಿತೆ. ತಿಂಗಳ ಕೊನೆಯೊಳಗೆ ಬೇರೆ ಕೋರ್ಸಿಗೆ ಬದಲಾಯಿಸ್ಕೋಬಹುದಂತೆ. ಆ ಫಾರಂ ತಗೊಂಡು ಬಾ, ನಾನೇ ಸಹಿ ಹಾಕ್ತೀನಿ."

ಅವಳು ಫಾರಂ ತಂದಳು. ತುಂಬಲಿಲ್ಲ. ಅದರ ಜೊತೆಗೆ ಇನ್ನೊಂದು ಕಾಗದವನ್ನೂ ತಂದಳು. ಯಾರಾದರೊಬ್ಬ ಕೆಲಸಗಾರರ ಹತ್ತಿರ ಒಂದು ದಿನ ನಿಂತು ನೋಡಿ ವರದಿ ಬರೆಯಬೇಕಂತೆ. ಒಂದೇ ಷರತ್ತು: ಯಾರ ತಪ್ಪು ಅಂತ ಬರೆಯುವ ಹಾಗಿಲ್ಲ, ಯಾಕೆ ಅಂತ ಮಾತ್ರ ಬರೆಯಬೇಕು.

"ಅಪ್ಪನ ಮಷಿನ್ನೇ ನೋಡ್ತೀನಿ" ಅಂದಳು. ಪ್ರೆಸ್ಸಿನ ಯಜಮಾನರು ಒಪ್ಪಿದರು. ನಮ್ಮನೆಯವರಿಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಅದು ಯಾಕೆ ಅಂತ ನಾನೂ ಕೇಳಲಿಲ್ಲ.

ಅವಳು ಹೋದ ದಿನ ಗಡಿಬಿಡಿಯಲ್ಲಿ ಡಬ್ಬಿ ಮನೆಯಲ್ಲೇ ಉಳಿಯಿತು. ಅಪ್ಪನಿಗೂ ಜ್ಞಾಪಕವಿಲ್ಲ, ಮಗಳಿಗೂ ಇಲ್ಲ. ಹೊಲಿಗೆ ಬಿಟ್ಟು ಬಿಸಿಲಲ್ಲಿ ನಾನೇ ಹೊತ್ತುಕೊಂಡು ಹೋದೆ. ಪ್ರೆಸ್ಸಿನೊಳಗೆ ಕಾಲಿಟ್ಟರೆ ಮಸಿಯ ವಾಸನೆ, ತಲೆಯೆತ್ತರ ಕಾಗದದ ಕಟ್ಟುಗಳು. ಕಟಿಂಗ್ ಮಷಿನ್ನಿನ ಮೇಲೆ ಗೋಡೆಗೆ ದೊಡ್ಡ ಬೋರ್ಡು: 'ಸುರಕ್ಷತೆ ಮೊದಲು.' ಅದರ ಕೆಳಗೆ ನಮ್ಮನೆಯವರು, ನಾಲ್ಕು ಹೆಜ್ಜೆ ದೂರದಲ್ಲಿ ನೋಟ್‌ಬುಕ್ಕು ಹಿಡಿದ ಮಗಳು.

ಮಷಿನ್ನಿನ ಮುಂದೆ ಎರಡು ಬಟನ್ನು, ಒಂದಕ್ಕೊಂದು ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಎರಡೂ ಕೈ ಬಟನ್ನಿನ ಮೇಲಿದ್ದರೆ ಬ್ಲೇಡಿನ ಕೆಳಗೆ ಕೈ ಇರಲಾರದಲ್ಲ, ಅದಕ್ಕೆ ಆ ಏರ್ಪಾಡು. ಆದರೆ ಎಡಗಡೆಯ ಬಟನ್ನಿನ ಸಂದಿಯಲ್ಲಿ ಮಡಿಸಿದ ರಟ್ಟಿನ ಚೂರೊಂದನ್ನು ಸಿಕ್ಕಿಸಿದ್ದರು. ಬಟನ್ನು ಒತ್ತಿದಂತೆಯೇ ನಿಂತಿತ್ತು. ಅವರು ಬಲಗೈಯಲ್ಲಿ ಇನ್ನೊಂದು ಬಟನ್ನು ಒತ್ತುತ್ತಿದ್ದರು. ಎಡಗೈ ಬ್ಲೇಡಿನ ಪಕ್ಕದಲ್ಲಿ, ಕಾಗದದ ಮೇಲೆ.

ನನಗೆ ಸಿಟ್ಟು ನೆತ್ತಿಗೇರಿತು. "ಬುದ್ಧಿ ಇದೆಯೇನ್ರೀ ನಿಮಗೆ? ಮನೆಯಲ್ಲಿ ಹೂಂ ಅಂತೀರಿ, ಇಲ್ಲಿ ಬಂದು ಈ ಆಟಾನಾ?"

ಅವರು ಮಷಿನ್ ನಿಲ್ಲಿಸಿದರು. ಮಗಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಅಮ್ಮ, ಒಂದು ನಿಮಿಷ ಬೈಬೇಡ. ಅಪ್ಪ, ಆ ರಟ್ಟು ಯಾಕೆ?"

"ಎಡಗೈ ಬೇಕಲ್ಲ."

"ಯಾಕೆ ಬೇಕು?"

"ಕಾಗದ ಹಿಡಿಯೋಕೆ."

"ಅದನ್ನ ಅದುಮಿ ಹಿಡಿಯೋಕೆ ಕಬ್ಬಿಣದ ಪಟ್ಟಿ ಇದೆಯಲ್ಲಪ್ಪ?"

"ಸವೆದುಹೋಗಿದೆ. ಈ ನುಣುಪು ಕಾಗದ ಜಾರತ್ತೆ, ಸೊಟ್ಟ ಕತ್ತರಿಸತ್ತೆ. ಎರಡು ವರ್ಷ ಆಯ್ತು. ಯಜಮಾನ್ರಿಗೆ ಒಂದ್ಸಲ ಹೇಳ್ದೆ, ಈ ಆರ್ಡರ್ ಮುಗೀಲಿ ಅಂದ್ರು. ಆಮೇಲೆ ಅವರಿಗೂ ಮರೆತುಹೋಯ್ತು, ನನಗೂ ಅಭ್ಯಾಸ ಆಯ್ತು."

"ಇಷ್ಟು ದಿನದಲ್ಲಿ ಏನೂ ಆಗಿಲ್ವಾ ಅಪ್ಪ?"

ಅವರು ನನ್ನ ಮುಖ ನೋಡಿದರು. "ಅಂಗಿಗೆ ಆಯ್ತು" ಅಂದರು.

ಅಲ್ಲೇ ಇದ್ದ ಕಾಗದದ ಕಟ್ಟಿನ ಮೇಲೆ ಕೂತೆ. ಬಾಗಿಲಿಗೆ ಸಿಕ್ಕಿ ಹರಿದ ಬಟ್ಟೆಯಲ್ಲಿ ಎಳೆ ಬಿಟ್ಟಿರುತ್ತದೆ. ಆ ತೋಳು ನನ್ನ ಕತ್ತರಿಯಿಂದ ಕತ್ತರಿಸಿದ್ದಕ್ಕಿಂತಲೂ ನೇರವಾಗಿತ್ತು. ಹೊಲಿಗೆಯವಳು ನಾನು, ಕೈಯಲ್ಲಿ ಹಿಡಿದು ಮಡಿಸಿದವಳು ನಾನು. ಬೈಯುವ ಅವಸರದಲ್ಲಿ ಅದನ್ನು ನೋಡಲೇ ಇಲ್ಲ.

ಗಲಾಟೆ ಕೇಳಿ ಯಜಮಾನರು ಒಳಗಿನಿಂದ ಬಂದರು. ರಟ್ಟು ನೋಡಿ ಅವರಿಗೂ ರೇಗಿತು.

"ಸಾವಿರ ಸಲ ಹೇಳಿದ್ದೀನಿ ಮೇಷ್ಟ್ರೇ! ಅಷ್ಟು ದೊಡ್ಡ ಬೋರ್ಡು ಹಾಕ್ಸಿದ್ದೀನಿ! ಏನಮ್ಮಾ, ಬರ್ಕೋ. ತಪ್ಪು ಯಾರದ್ದು ಅಂತ ನೀನೇ ನೋಡಿದೆಯಲ್ಲ."

"ತಪ್ಪು ಬರೆಯೋ ಹಾಗಿಲ್ಲ ಸಾರ್" ಅಂದಳು ಮಗಳು. "ನೀವೇ ಒಂದು ಕಟ್ಟು ಕತ್ತರಿಸಿ ತೋರಿಸ್ತೀರಾ? ರಟ್ಟಿಲ್ಲದೆ."

"ಅದೇನು ಮಹಾ? ಮೊದಲು ನಾನೇ ಈ ಮಷಿನ್ ನಡೆಸ್ತಿದ್ದೆ." ರಟ್ಟು ಕಿತ್ತು ಎಸೆದರು. ಔಷಧಿ ಬಾಟಲಿಗೆ ಅಂಟಿಸುವ ಲೇಬಲ್ಲಿನ ಕಟ್ಟು ಇಟ್ಟು ಎರಡೂ ಬಟನ್ನು ಒತ್ತಿದರು. ಕಟ್ಟು ಜಾರಿತು, ಅಂಚು ಸೊಟ್ಟ. ಇನ್ನೊಂದು ಕಟ್ಟು ಇಟ್ಟರು. ಅದೂ ಸೊಟ್ಟ. "ಥತ್! ಸಾಯಂಕಾಲ ಗಾಡಿ ಬರತ್ತೆ, ಇದೇನಿದು ಕರ್ಮ" ಅಂತ ಗೊಣಗಿದರು. ನೆಲದಿಂದ ಅದೇ ರಟ್ಟನ್ನು ಹೆಕ್ಕಿದರು. ಬಟನ್ನಿಗೆ ಸಿಕ್ಕಿಸಿದರು. ಎಡಗೈಯನ್ನು ಬ್ಲೇಡಿನ ಪಕ್ಕಕ್ಕೆ ಚಾಚಿ ಕಾಗದ ಅದುಮಿದರು. ಬಲಗೈ ಬಟನ್ನಿನತ್ತ ಹೋಯಿತು.

"ಬೇಡಿ ಸಾರ್!"

ನಮ್ಮನೆಯವರು ಅಷ್ಟು ಜೋರಾಗಿ ಕೂಗಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಕೂಗಿದ್ದಷ್ಟೇ ಅಲ್ಲ, ಹಾರಿ ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟರು. ಮಷಿನ್ ತಣ್ಣಗಾಯಿತು. ಯಜಮಾನರ ಕೈ ಮಾತ್ರ ಅಲ್ಲೇ ಇತ್ತು.

"ನೋಡಿ ಸಾರ್, ನಿಮ್ಮ ಕೈಯೂ ಅಲ್ಲಿಗೇ ಹೋಯ್ತು" ಅಂದರು ನಮ್ಮನೆಯವರು.

ಯಜಮಾನರು ಮೆಲ್ಲಗೆ ಕೈ ತೆಗೆದುಕೊಂಡರು. ಅಂಗೈ ತಿರುಗಿಸಿ ನೋಡಿಕೊಂಡರು. ಬೋರ್ಡಿನ ಕಡೆ ಒಮ್ಮೆ ನೋಡಿದರು, ಆಮೇಲೆ ನನ್ನ ಮಗಳ ಕಡೆ. "ಏನು ಮಾಡ್ಬೇಕಮ್ಮಾ ಈಗ?" ಅಂತ ಕೇಳಿದರು. ಅಷ್ಟು ವಯಸ್ಸಾದ ಮನುಷ್ಯ, ನನ್ನ ಮಗಳನ್ನು!

ಅವಳು ಗತ್ತು ತೋರಿಸಲಿಲ್ಲ. "ಪಟ್ಟಿ ಬದಲಾಯಿಸೋವರೆಗೆ ಇದನ್ನ ನಡೆಸಬೇಡಿ ಸಾರ್. ಮೆಕ್ಯಾನಿಕ್ ಬಂದಾಗ ಬಟನ್ನಿನ ಏರ್ಪಾಡನ್ನೂ ಸರಿ ಮಾಡಿಸಿ. ಪ್ರತಿ ಸಲ ಎರಡನ್ನೂ ಬಿಟ್ಟು ಮತ್ತೆ ಒತ್ತಿದ್ರೆ ಮಾತ್ರ ಬ್ಲೇಡು ಇಳೀಬೇಕು. ಆಗ ರಟ್ಟು ಸಿಕ್ಕಿಸಿದ್ರೂ ನಡೆಯಲ್ಲ. ಮತ್ತೆ, ಸ್ವಲ್ಪದರಲ್ಲಿ ತಪ್ಪಿದ ಅಪಾಯ ಬರೆಯೋಕೆ ಒಂದು ಪುಸ್ತಕ ಇಡಿ. ಬರೆದವರನ್ನ ಮಾತ್ರ ಯಾರೂ ಬೈಬಾರದು. ಬೈದ್ರೆ ಮುಂದಿನದನ್ನ ಮುಚ್ಚಿಡ್ತಾರೆ."

ಕೊನೆಯ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡದಿದ್ದರೂ ನನಗೆ ತಾಗಿತು.

ಲೇಬಲ್ಲಿನ ಕೆಲಸವನ್ನು ಯಜಮಾನರು ಬೇರೆ ಪ್ರೆಸ್ಸಿಗೆ ಕಳಿಸಿದರು. ಮಷಿನ್ ಮೂರು ದಿನ ನಿಂತಿತು. ಹೊಸ ಪಟ್ಟಿ ಬಂತು, ಬಟನ್ನೂ ಸರಿಯಾಯಿತು. ಪುಸ್ತಕದ ಮೊದಲ ಪುಟದಲ್ಲಿ ನಮ್ಮನೆಯವರೇ ಬರೆದಿದ್ದಾರೆ: 'ಅಂಗಿಯ ಎಡತೋಳು. ಕೈ ಉಳಿಯಿತು.' ಎರಡನೆಯದನ್ನು ಬರೆದವರು ಯಜಮಾನರು.

ಕೋರ್ಸು ಬದಲಾಯಿಸುವ ಫಾರಂ ಅನ್ನು ಮಗಳು ಮತ್ತೆ ನನ್ನ ಮುಂದೆ ಹಿಡಿದಳು. "ಸಹಿ ಹಾಕ್ತೀಯಾ ಅಮ್ಮ?" ಅಂದಳು. ಅವಳ ಕೊಬ್ಬು ನೋಡಿ!

"ಹೋಗಿ ಓದ್ಕೋ, ಸಾಕು" ಅಂದೆ. ಈಗ ಅಕ್ಕಪಕ್ಕದವರು ಕೇಳಿದರೆ ಆ ಉದ್ದನೆಯ ಹೆಸರನ್ನು ಪೂರ್ತಿ ಹೇಳುತ್ತೇನೆ, ಅವರಿಗೆ ಸಾಕುಸಾಕಾದರೂ ಬಿಡುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳು ಈ ಓದು ಓದುತ್ತೇನೆ ಅಂದರೆ ನನ್ನ ಹಾಗೆ ಗೇಲಿ ಮಾಡಬೇಡಿ. ಕಾರ್ಖಾನೆ, ಪ್ರೆಸ್ಸು, ಕಟ್ಟಡ, ಆಸ್ಪತ್ರೆ, ಎಲ್ಲ ಕಡೆಯೂ ಇದನ್ನು ಬಲ್ಲವರು ಬೇಕು. ಕೆಲಸ ಕೊಟ್ಟವರೇ, ಬೋರ್ಡು ಹಾಕಿಸಿ ಕೈ ತೊಳೆದುಕೊಳ್ಳಬೇಡಿ. ಕೆಲಸಗಾರ ಒಂದು ಸಲ ಹೇಳಿದ್ದು ನಿಮಗೆ ಮರೆತುಹೋಗಿದೆಯಾ, ಯೋಚಿಸಿ. ಇನ್ನು ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ, ಇವತ್ತು ಬಂದ ಕೂಡಲೇ ಕೂರಿಸಿ ಕೇಳಿ: ಅಲ್ಲಿ ಏನು ಸರಿಯಿಲ್ಲ? ಯಾಕೆ ಹಾಗೆ ಮಾಡುತ್ತೀರಿ? ಕೇಳಿದ ಮೇಲೂ ಸಿಟ್ಟು ಇಳಿಯದಿದ್ದರೆ ಧಾರಾಳವಾಗಿ ಬೈಯಿರಿ, ನಾನೇನೂ ಬೇಡ ಅನ್ನುವುದಿಲ್ಲ. ಬೈಯುವುದಕ್ಕಾದರೂ ಮನುಷ್ಯ ಇಡಿಯಾಗಿ ಮನೆಗೆ ಬರಬೇಕಲ್ಲ.