ಭಟ್ಟಿಯ ಬೆನ್ನು

"ಎದ್ದೇಳ್ರೋ ಮುಂಡೇವಾ, ಯಾರಪ್ಪನ ಮನೆ ಬಿಸಿ ಅಂತ ಬೆನ್ನು ಕಾಯಿಸ್ಕೊಂಡು ಕೂತಿದ್ದೀರಾ?"

ಬಾಗಿಲು ತುಂಬ ನಿಂತಿದ್ದ ಧಣಿಯ ಬಾಯಿಂದ ಬೈಗುಳದ ಜೊತೆಗೆ ಹೊಗೆಯಂಥ ಉಸಿರೂ ಬರುತ್ತಿತ್ತು. ಹೊರಗೆ ಅಂಥ ಚಳಿ. ಅಂಗಳದ ನಲ್ಲಿಯಲ್ಲಿ ನೀರು ಗಟ್ಟಿಯಾಗಿ, ಒಣಹಾಕಿದ ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಒಳಗೆ, ಹಿಟ್ಟಿನಕ್ಕನ ಒಂದೇ ಒಂದು ಕೋಣೆಯಲ್ಲಿ, ಸಾಲುಮನೆಯ ಅರ್ಧ ಜನ ಹಿಂಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಸಾಲುಮನೆಯೂ ಧಣಿಯದೇ, ಆ ಗೋಡೆಯ ಆಚೆಗಿನ ಬೇಕರಿಯೂ ಅವನದೇ. ಸೌದೆ ಉರಿಸುವ ದೊಡ್ಡ ಭಟ್ಟಿಯ ಬಾಯಿ ಬೇಕರಿಯಲ್ಲಿ, ಬೆನ್ನು ಹಿಟ್ಟಿನಕ್ಕನ ಕೋಣೆಯಲ್ಲಿ. ಬೇಕರಿಗೆ ಹಿಟ್ಟು ನಾದುವವಳು ಅವಳೇ, ಅದಕ್ಕೇ ಆ ಹೆಸರು. ಭಟ್ಟಿಗೆ ಬೆಂಕಿ ಹಾಕುವವನು ಅವಳ ಅಳಿಯ.

ಧಣಿಯ ಹಿಂದೆಯೇ ಅವನ ತಂಗಿಯ ಮಗ ಬಂದಿದ್ದ. ಏನೋ ದೊಡ್ಡದು ಓದಿಕೊಂಡು ಬಂದವನಂತೆ. ಕೈಗವಸು ಕಳಚಿ, ಕೂತವರ ತಲೆಗಳ ಮೇಲಿಂದ ಕೈಚಾಚಿ ಗೋಡೆ ಮುಟ್ಟಿದ.

"ಮಾವ, ಇದೆಲ್ಲ ನಷ್ಟ," ಅಂದ. "ಈ ಕಡೆ ಬರೋ ಬಿಸಿ ಪೂರ್ತಿ ನಷ್ಟ."

ಧಣಿ ನಷ್ಟದ ಕಡೆ ನೋಡಿದ. ನಷ್ಟ ಸಾಲಾಗಿ ಕೂತು ಅವನನ್ನೇ ನೋಡುತ್ತಿತ್ತು. ನಷ್ಟದ ಮಡಿಲಲ್ಲಿ ಒಂದು ಕೂಸೂ ಮಲಗಿತ್ತು. ಸುಮ್ಮನಿರುವುದಕ್ಕೆ ಹಿಟ್ಟಿನಕ್ಕನ ಅತ್ತೆಗೆ ಈ ಜನ್ಮದಲ್ಲಿ ಬರುವುದಿಲ್ಲ. ಅವಳ ಬಾಯಲ್ಲಿ ಹಲ್ಲಿಲ್ಲ ನಿಜ, ಬೈಯುವುದಕ್ಕೆ ಹಲ್ಲು ಯಾಕೆ ಬೇಕು?

"ನಿನ್ನ ಬಿಸಿ ನಮ್ಮ ಬೆನ್ನಿಗೆ ಅಂಟಿದ್ರೆ ಕೆರ್ಕೊಂಡು ಹೋಗಪ್ಪ," ಅಂದಳು ಮುದುಕಿ.

ಯಾರೋ ಕಿಸಕ್ಕನೆ ನಕ್ಕರು. ಧಣಿಯ ಪಿತ್ತ ನೆತ್ತಿಗೇರಿತು. ಹೊಸಿಲ ಮೇಲಿದ್ದ ನೀರಿನ ಬಕೆಟ್ಟನ್ನು ಒದ್ದು ಹೋದ. ಚಾಪೆಯೆಲ್ಲ ತೊಯ್ದು ತೊಪ್ಪೆಯಾಯಿತು, ಮಗುವಿನ ಬಟ್ಟೆಯೂ ಅದರಲ್ಲೇ ಹೋಯಿತು.

ಆ ಕೂಸಿನ ಮೇಲೆ ಇಡೀ ಸಾಲಿನ ಜೀವ ಇತ್ತು. ಹಿಟ್ಟಿನಕ್ಕನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಹುಟ್ಟಿದ ಮಗು ಅಂಗೈ ಮೇಲೆ ಕೂರುವ ಹಾಗಿತ್ತು. ಮುದುಕಿ ಅದಕ್ಕೆ ಇಲಿಮರಿ ಅಂತ ಹೆಸರಿಟ್ಟಿದ್ದಳು. ಆಸ್ಪತ್ರೆಯಲ್ಲಿ ಜಾಗವಿಲ್ಲವೆಂದು ಮನೆಗೆ ಕಳಿಸುವಾಗ ನರ್ಸಮ್ಮ ಮುಚ್ಚುಮರೆ ಮಾಡದೆ ಹೇಳಿದ್ದಳು, ಇದರ ಮೈ ತಣ್ಣಗಾಗೋಕೆ ಬಿಟ್ಟರೆ ಕಳ್ಕೋತೀರ ಅಂತ. ಹೋದ ಚಳಿಗಾಲದಲ್ಲಿ ಕೊನೆಯ ಕೋಣೆಯ ಗಾರೆಯವನ ಮಗು ಹಾಗೇ ಹೋಗಿತ್ತು. ರಾತ್ರಿ ನಗುತ್ತ ಮಲಗಿದ್ದು ಬೆಳಿಗ್ಗೆ ಏಳಲಿಲ್ಲ. ಅಂದಿನಿಂದ ಗಾರೆಯವನು ಮಾತು ಬಿಟ್ಟವನ ಹಾಗೆಯೇ ಇದ್ದ.

ಹೀಟರ್ ಇಟ್ಟುಕೊಳ್ಳೋಣವೆಂದರೆ ಧಣಿ ಎಳೆಸಿದ ಕರೆಂಟು ಕೋಣೆಗೊಂದು ಬಲ್ಬಿಗೇ ಏದುಸಿರು ಬಿಡುತ್ತಿತ್ತು. ಒಲೆ ಹೊತ್ತಿಸೋಣವೆಂದರೆ ಪಕ್ಕದಲ್ಲಿ ಮೈದಾ ಗೋದಾಮು, ಬೆಂಕಿಕಡ್ಡಿ ಗೀರಿದರೂ ಕೋಣೆ ಖಾಲಿ ಮಾಡಿಸುತ್ತಾನೆ. ಬ್ರೆಡ್ಡು ಇಡುವ ಮೊದಲು ಕಾದ ಭಟ್ಟಿಯಿಂದ ಎಳೆದ ಕೆಂಡವನ್ನಾದರೂ ಕೊಡುತ್ತಾನೆಯೇ ಅಂದರೆ ಅದಕ್ಕೆ ನೀರು ಸುರಿಸಿ ಇದ್ದಲು ಮಾಡಿ ಇಸ್ತ್ರಿ ಅಂಗಡಿಗೆ ಮಾರುತ್ತಾನೆ. ಕಿಟಕಿಗೆ ಮೈದಾ ಚೀಲ ಹೊಡೆದದ್ದಾಯಿತು, ಸಂದುಗಳಿಗೆ ಹಳೇ ಪೇಪರು ತುರುಕಿದ್ದಾಯಿತು. ಉಳಿದದ್ದು ಆ ಗೋಡೆ ಒಂದೇ.

ಆ ಗೋಡೆಯ ಮೇಲೂ ಧಣಿಯ ಕಣ್ಣು ಬಿತ್ತು. ಚಳಿಗೆ ಸೌದೆ ಎರಡರಷ್ಟು ಸುಡುತ್ತಿದೆ ಅಂತ ಅವನಿಗೆ ಮೊದಲೇ ಹೊಟ್ಟೆಯುರಿ. ತಂಗಿಯ ಮಗ ಹೇಳಿದ ಹಾಗೆ ಬಿಸಿ ತಡೆಯುವ ಗಾಜಿನ ಹತ್ತಿಯ ಸುರುಳಿ ತರಿಸಿದ, ಮೇಲೆ ಹೊಡೆಯಲು ತಗಡು ತರಿಸಿದ. ಕೆಲಸಕ್ಕೆ ಹೊರಗಿನವರನ್ನು ಕರೆಯಲಿಲ್ಲ. ಗಾರೆಯವನನ್ನೂ ಹಿಟ್ಟಿನಕ್ಕನ ಅಳಿಯನನ್ನೂ ನಿಲ್ಲಿಸಿ, ಅವರ ಕೈಯಿಂದಲೇ ಗೋಡೆಯನ್ನು ಮುಚ್ಚಿಸಿದ. ಗೋಡೆಗೆ ಚಳಿಯಂತೆ ಪಾಪ, ಕಂಬಳಿ ಹೊದಿಸ್ತಿದ್ದಾರೆ ಅಂದಳು ಮುದುಕಿ. ಆ ಹೊತ್ತು ಯಾರಿಗೂ ನಗು ಬರಲಿಲ್ಲ.

ಅಲ್ಲಿಂದ ಮುಂದೆ ಕೂಸು ಎದೆಯಿಂದ ಎದೆಗೆ ಸಾಗಿತು. ಮಗಳ ಎದೆ ತಣ್ಣಗಾದರೆ ಅಳಿಯನ ಎದೆ, ಅವನು ಕೆಲಸಕ್ಕೆ ಹೋದರೆ ಮುದುಕಿಯ ಎದೆ. ಅಷ್ಟಾದರೂ ಒಂದು ಬೆಳಿಗ್ಗೆ ಮಗುವಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಿಟ್ಟಿನಕ್ಕನಿಗೆ ನಾದುವಾಗೆಲ್ಲ ಆ ತುಟಿಯೇ ಕಣ್ಣಮುಂದೆ. ಅಷ್ಟರಲ್ಲಿ ಅಳಿಯ ಭಟ್ಟಿಯಿಂದ ಬನ್ನಿನ ತಟ್ಟೆ ಹೊರಗೆಳೆದ. ಒಂದೊಂದು ಬನ್ನೂ ಕೆಂಪಗೆ, ದುಂಡಗೆ, ಹಬೆಯಾಡುತ್ತ ಕೂತಿತ್ತು. ಅವಳ ತಲೆಯೊಳಗೆ ಅದೇನು ಹೊಕ್ಕಿತೋ, ನಾಲ್ಕು ಬನ್ನು ಎತ್ತಿ ಸ್ವೆಟರಿನೊಳಗೆ ಬಿಟ್ಟುಕೊಂಡು ಮನೆಗೆ ಓಡಿದಳು.

ಚಿಂದಿಯಲ್ಲಿ ಸುತ್ತಿ ಕೂಸಿನ ಆಚೆಗೆರಡು ಈಚೆಗೆರಡು ಇಟ್ಟಳು. ಸ್ವಲ್ಪ ಹೊತ್ತಿಗೆ ಇಲಿಮರಿ ಕೈಕಾಲು ಬಿಚ್ಚಿ, ಬೇಕರಿಯ ವಾಸನೆ ಹೀರುತ್ತ, ಸಾಹುಕಾರನ ಹಾಗೆ ನಿದ್ದೆ ಹೊಡೆಯಿತು. ಹಿಟ್ಟಿನಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಆರಿದ ಬನ್ನುಗಳನ್ನು ಒಯ್ದು ಮತ್ತೆ ತಟ್ಟೆಯಲ್ಲಿಟ್ಟಳು, ಬಿಸಿಯವನ್ನು ತಂದಳು. ಒಂದು ಬನ್ನೂ ಕಡಿಮೆಯಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ತನ್ನಂಥ ಜಾಣೆ ಈ ಊರಲ್ಲೇ ಇಲ್ಲ ಅಂದುಕೊಂಡು ಓಡಾಡಿದಳು.

ಓಡಾಟ ಜಾಸ್ತಿಯಾಗಿ ಎಚ್ಚರ ಕಡಿಮೆಯಾಯಿತು. ಅಂಗಡಿಯ ತುಂಬ ಗಿರಾಕಿಗಳಿರುವಾಗಲೇ ಒಂದು ಬನ್ನು ಸ್ವೆಟರಿನಿಂದ ಜಾರಿ, ಉರುಳಿಕೊಂಡು ಹೋಗಿ ಧಣಿಯ ಬೂಟಿಗೆ ತಾಗಿ ನಿಂತಿತು.

"ಬಿಚ್ಚೇ ಕಳ್ಳಿ," ಅಂದ ಧಣಿ. "ಇನ್ನೂ ಎಷ್ಟು ಬಚ್ಚಿಟ್ಕೊಂಡಿದ್ದೀಯ, ಎಲ್ರೂ ನೋಡ್ಲಿ."

"ತಿನ್ನೋಕಲ್ಲ ಧಣಿ, ಮಗುಗೆ ಕಾವು ಕೊಡೋಕೆ. ಆರಿದ್ಮೇಲೆ ವಾಪಸ್ ತಂದಿಡ್ತೀನಿ."

ಗಿರಾಕಿಗಳು ಗೊಳ್ಳೆಂದು ನಕ್ಕರು. ಬನ್ನು ಕದ್ದು ತಿನ್ನುವವರನ್ನು ಕಂಡಿದ್ದರು, ಕದ್ದು ವಾಪಸ್ ತರುವವಳನ್ನು ಕಂಡಿರಲಿಲ್ಲ. ಎಲ್ಲರ ಮುಂದೆ ಅವಳ ಸ್ವೆಟರ್ ಬಿಚ್ಚಿಸಿದ. ತೆಳು ರವಿಕೆಯಲ್ಲಿ ಅವಳು ಎದೆಗೆ ಕೈಕಟ್ಟಿ ನಿಂತಿರಲು, ಧಣಿ ಬನ್ನುಗಳಿಗೆ ಅಂಟಿದ ಉಣ್ಣೆಯ ಎಳೆಯನ್ನು ಉಫ್ ಅಂತ ಊದಿ, ನೆಲಕ್ಕೆ ಬಿದ್ದದ್ದನ್ನೂ ಸೇರಿಸಿ, ತಟ್ಟೆಗೆ ಹಾಕಿದ. ಬಿಸಿ ಇದೆ ಅಂತ ಒಬ್ಬ ಗಿರಾಕಿ ಅದನ್ನೇ ಕೇಳಿ ತೆಗೆದುಕೊಂಡ. ಅವಮಾನಕ್ಕೆ ಹಿಟ್ಟಿನಕ್ಕನ ಕಿವಿ ಕೆನ್ನೆ ಧಗಧಗ ಕಾದವು. ಇಷ್ಟು ಕಾವು ಮೈಯಲ್ಲಿದೆ, ಇದನ್ನು ಮಗುವಿಗೆ ಒಯ್ಯುವ ಹಾಗಿಲ್ಲವಲ್ಲ ಅನ್ನಿಸಿ, ಅಳಬೇಕಾದವಳಿಗೆ ನಗು ಉಕ್ಕಿಬಂತು. ಮನೆ ಮುಟ್ಟುವವರೆಗೂ ನಗು ನಿಲ್ಲಲಿಲ್ಲ.

ಕೋಣೆಯಲ್ಲಿ ಅದನ್ನೆಲ್ಲ ಹೇಳಿದಳು, ಧಣಿ ಉಫ್ ಅಂದದ್ದನ್ನು ಮಾಡಿಯೂ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾರೆಯವನು ಮಾತ್ರ ನಗಲಿಲ್ಲ. ಎದ್ದು ಹೋಗಿ ತಗಡಿನ ಮೇಲೆ ಕೈಯಿಟ್ಟ.

"ಇದನ್ನ ಹೊಡೆದೋನು ನಾನು. ಕೀಳೋದೂ ನಾನೇ," ಅಂದ. "ತಗಡು ಕಿತ್ತರೆ ಸಾಲ್ದು. ಗೋಡೇನೇ ತೆಗೀತೀನಿ."

ಅಳಿಯನ ಮುಖ ಬಿಳಿಚಿತು. ಭಟ್ಟಿಯ ಬೆನ್ನಿಗೆ ತೂತು ಬಿದ್ದರೆ ಬ್ರೆಡ್ಡು ಬೇಯೋದಿಲ್ಲ, ಆ ಬೋಳಿಮಗ ನನ್ನನ್ನೇ ಹಿಡಿದು ಭಟ್ಟಿಯೊಳಗೆ ಹಾಕ್ತಾನೆ ಅಂದ.

"ಹಾಕಲಿ ಬಿಡಪ್ಪ," ಅಂದಳು ಹಿಟ್ಟಿನಕ್ಕ. "ನಾವು ಈ ಕಡೆಯಿಂದ ಎಳ್ಕೋತೀವಿ."

ಬೇಕರಿಗೆ ರಜೆಯಿದ್ದ ದಿನ ಕೆಲಸ ಶುರುವಾಯಿತು. ಉಳಿಯ ಸದ್ದು ಕೇಳಬಾರದೆಂದು ಸಾಲಿನ ಹೆಂಗಸರೆಲ್ಲ ಹಾಸಿಗೆ, ದಿಂಬು, ಗೋಣಿಗಳನ್ನು ಅಂಗಳಕ್ಕೆ ಎಳೆದು ಕೋಲಿನಲ್ಲಿ ಬಡಿಯಲು ನಿಂತರು. ಬೇಕರಿಯ ಮೇಲಿನ ತನ್ನ ಮನೆಯ ಕಿಟಕಿಯಿಂದ ಧಣಿ ಕತ್ತು ಹೊರಗೆ ಹಾಕಿ ಏನ್ರೇ ಅದು ಗಲಾಟೆ ಅಂತ ಅರಚಿದ. ತಿಗಣೆ ಧಣಿ, ಚಳಿಗೆ ಮಹಡಿ ಹತ್ತುತ್ತಾವಂತೆ ಅಂದಳು ಹಿಟ್ಟಿನಕ್ಕ. ಕಿಟಕಿ ಪಟ್ಟನೆ ಮುಚ್ಚಿತು. ಆಮೇಲೆ ಬಡಿದ ಬಡಿತ ನೋಡಬೇಕಿತ್ತು. ಯಾರು ಯಾರನ್ನು ನೆನೆದು ಬಡಿದರೋ, ಎರಡು ದಿಂಬು ಹರಿದೇ ಹೋದವು.

ಒಳಗೆ ತಗಡು ಕಳಚಿತು. ಗಾಜಿನ ಹತ್ತಿ ಮೇಲಕ್ಕೆ ಹೋಗಿ ಮಾಡಿನ ಶೀಟಿನ ಕೆಳಗೆ ಕೂತಿತು, ಅದರಡಿಗೆ ಮೈದಾ ಚೀಲಗಳನ್ನು ಬಿಗಿದು ಹೊಲಿದರು. ಬಿಸಿ ಬರದ ಹಾಗೆ ಧಣಿ ತರಿಸಿದ್ದು ಬಿಸಿ ಹೋಗದ ಹಾಗೆ ಕಾಯಲು ಒದಗಿತು. ಆ ಹತ್ತಿ ಮುಟ್ಟಿದವರಿಗೆಲ್ಲ ಮೈಯೆಲ್ಲ ನವೆ. ಒಬ್ಬರ ಬೆನ್ನನ್ನು ಇನ್ನೊಬ್ಬರು ಕೆರೆಯುತ್ತ, ಕುಣಿಯುತ್ತ, ಸುಸ್ತಾಗಿ ನಕ್ಕರು. ನಗಿಸಬೇಡ್ರೋ, ಹೊಲಿಗೆ ಎಳೀತದೆ ಅಂತ ಬಾಣಂತಿ ಗೋಳಾಡಿದಳು. ಗಾರೆಯವನು ಇಟ್ಟಿಗೆಗಳನ್ನು ಹಲ್ಲು ಕೀಳುವವನ ಹಾಗೆ ಒಂದೊಂದಾಗಿ ಅಲ್ಲಾಡಿಸಿ ತೆಗೆದ. ತಲೆ ಹಿಡಿಸುವಷ್ಟು ಕಿಂಡಿಯಾಯಿತು. ಧಣಿಯ ತಗಡಿನಲ್ಲೇ ಅದಕ್ಕೊಂದು ಮುಚ್ಚಳ ಮಾಡಿ ಕೂರಿಸಿದ. ಬೆಂಕಿ ಉರಿಯುವಾಗ ಬಿಗಿಯಾಗಿ ಮುಚ್ಚಬೇಕು, ಕೆಂಡ ಎಳೆದಾದ ಮೇಲೆ ತೆರೆಯಬೇಕು, ಹೊಗೆ ಮಗುವಿನ ಹತ್ತಿರ ಸುಳಿಯಬಾರದು ಅಂತ ಮುದುಕಿಗೆ ಮತ್ತೆ ಮತ್ತೆ ಹೇಳಿದ. ಇಷ್ಟು ಮಾತನ್ನು ಅವನು ಒಂದು ವರ್ಷದಿಂದ ಆಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಸೌದೆ ಉರಿಸಿದ, ಕೆಂಡ ಎಳೆದ. ಅದಕ್ಕೇ ಕಾದಿದ್ದ ಹಾಗೆ ಆ ಕಡೆ ಮುಚ್ಚಳ ತೆರೆಯಿತು. ಹಿಟ್ಟಿನಕ್ಕ ನೆಪ ಹೇಳಿ ಒಂದು ಗಳಿಗೆ ಮನೆಗೆ ಓಡಿ ಇಣುಕಿದಳು. ಕೋಣೆಯೆಲ್ಲ ಹದವಾದ ಬಿಸಿ. ಮಗಳು ಕುಲಾವಿ ತೆಗೆದು ಕೂಸಿನ ತಲೆ ಸವರುತ್ತಿದ್ದಳು. ಅದರ ತುಟಿ ಕೆಂಪಗಿತ್ತು. ಹಿಟ್ಟಿನಕ್ಕ ಹಿಂದಿರುಗಿ ಬಂದು ಎರಡು ಆಳಿನ ರಭಸದಲ್ಲಿ ಹಿಟ್ಟು ನಾದಿದಳು.

ಬೇಕರಿಯಲ್ಲಿ ಮೊದಲ ಬ್ರೆಡ್ಡು ಹೊರಬಂತು. ಸುಣ್ಣ ಬಳಿದ ಹಾಗೆ ಬೆಳ್ಳಗೆ, ಒತ್ತಿದರೆ ಬೆರಳು ಒಳಗೇ ಹೋಗುವಷ್ಟು ಹಸಿ. ಎರಡನೆಯದೂ ಹಾಗೇ. ಧಣಿ ಬಾಯಿಗೆ ಬಂದ ಹಾಗೆ ಬೈಯುತ್ತ ಬಂದು ಅಳಿಯನ ಕೆನ್ನೆಗೆ ಬಾರಿಸಿದ. ಭಟ್ಟಿಯ ಕಬ್ಬಿಣದ ಬಾಗಿಲನ್ನು ಪೂರ್ತಿ ತೆರೆದು, ಮಂಡಿಯೂರಿ, ಕಣ್ಣು ಕಿರಿದು ಮಾಡಿ ಒಳಗೆ ನೋಡಿದ.

ಭಟ್ಟಿಯ ಆ ತುದಿಯಲ್ಲಿ ಬೆಳಕಿತ್ತು. ಬೆಳಕಿನಲ್ಲಿ ಹಲ್ಲಿಲ್ಲದ ಒಂದು ಮುಖ, ಮುಖದ ಮುಂದೆ ಕಾಯಿಸಿಕೊಳ್ಳಲು ಚಾಚಿದ ಎರಡು ಅಂಗೈ. ತಟ್ಟೆ ಹಿಡಿದವರು, ಸೌದೆ ಹೊತ್ತವರು, ಎಲ್ಲರೂ ಎಲ್ಲೆಲ್ಲಿದ್ದರೋ ಅಲ್ಲಲ್ಲೇ ನಿಂತರು.

"ಯಾವನೋ ಅವನು ಬೇವರ್ಸಿ," ಅಂದಿತು ಭಟ್ಟಿ, ಮುದುಕಿಯ ದನಿಯಲ್ಲಿ. "ಬಾಗಿಲು ಹಾಕೋ. ಈಗ ತಾನೆ ಮಗು ಕಣ್ಣು ಮುಚ್ಚಿದೆ, ಗಾಳಿ ನುಗ್ತದೆ."

ಹಿಟ್ಟಿನಕ್ಕ ನಾದುತ್ತಿದ್ದ ಹಿಟ್ಟನ್ನು ಬಿಟ್ಟು ಎದ್ದಳು. ಕೈ ಒರೆಸಿಕೊಳ್ಳಲಿಲ್ಲ. ಮಂಡಿಯೂರಿದ್ದ ಧಣಿಯ ಭುಜಕ್ಕೆ ಆ ಕೈಯಿಟ್ಟು, ಸ್ವಲ್ಪ ಸರೀರಿ ಅಂತ ಪಕ್ಕಕ್ಕೆ ಸರಿಸಿ, ಭಟ್ಟಿಯ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದಳು.